ಹಳೇ ಆಕ್ಟೇವಿಯಾ ಆರ್‌ಎಸ್ ತಗೊಳ್ಳೋದಾ, ಬಿಡೋದಾ?

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಮಾಮ, 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದು ಸಿಕ್ಕಿದೆ. ಕಪ್ಪು ಬಣ್ಣ, 98 ಸಾವಿರ ಓಡಿದೆ, ಎರಡನೇ ಓನರ್. ಫೋಟೊದಲ್ಲಿ ಸೂಪರ್ ಆಗಿದೆ. ಅಡ್ವಾನ್ಸ್ ಕೊಟ್ಟುಬಿಡಲಾ?" ಅಂದ. "ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿದ್ಯಾ?" ಅಂತ ಕೇಳಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ. ಭಾನುವಾರ ನಾನೇ ಬರುತ್ತೇನೆ, ಅಲ್ಲಿವರೆಗೂ ಒಂದು ರೂಪಾಯಿಯನ್ನೂ ಕೊಡಬೇಡ ಅಂದೆ.

ಒಂಬತ್ತು ವರ್ಷದಿಂದ ನನ್ನ ಹತ್ತಿರವೂ ಇದೇ ಮಾದರಿಯ ಕಾರಿದೆ. ಮೈಸೂರಲ್ಲಿ ದಿನಾ ಕೆಲಸಕ್ಕೆ ಹೋಗುವುದಕ್ಕೆ ಬೈಕು, ಊರಿಗೆ ಹೋಗುವುದಕ್ಕೆ ಆರ್‌ಎಸ್. ಈ ಕಾರಿನ ಮೇಲೆ ನನಗೆ ನಿಜವಾದ ಪ್ರೀತಿ ಇದೆ. ಅದಕ್ಕೇ ಯಾರಾದರೂ ಕೆಟ್ಟದ್ದೊಂದನ್ನು ಕೊಂಡು, ಆರು ತಿಂಗಳಿಗೆ ಬೈದುಕೊಂಡು ಗುಜರಿಗೆ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಸ್ಕೋಡಾ ನಮ್ಮ ದೇಶಕ್ಕೆ ಬಂದಿದ್ದು 2001ರಲ್ಲಿ, ಆಕ್ಟೇವಿಯಾ ಇಟ್ಟುಕೊಂಡೇ. 2004ರಲ್ಲಿ ಅದರ ಸ್ಪೋರ್ಟ್ಸ್ ಮಾದರಿ, ಆರ್‌ಎಸ್ ಬಂತು. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಬಿಎಚ್‌ಪಿ, ಐದು ಗೇರು. ಟರ್ಬೊ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಪಂಪು, ಡೀಸೆಲ್ ಗಾಡಿಗೆ ಮಾತ್ರ ಅಂದುಕೊಂಡಿದ್ದ ಕಾಲ ಅದು. ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು (ಆರ್‌ಪಿಎಂ) ದಾಟುವ ಮೊದಲೇ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಎಳೆಯುತ್ತದೆ. ನೋಡೋಕೆ ಸೆಡಾನ್, ಆದರೆ ಡಿಕ್ಕಿ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲೇಳುತ್ತದೆ. ಒಳಗೆ 528 ಲೀಟರ್ ಜಾಗ. ನಾವು ಇದರಲ್ಲೇ ಊರಿಂದ ತೆಂಗಿನಕಾಯಿ ಮೂಟೆ ತರುತ್ತೇವೆ.

ಮೊದಲು ದುಡ್ಡಿನ ಲೆಕ್ಕ, ಆಮೇಲೆ ಕಾರು. ಹಳೇ ಸ್ಪೋರ್ಟ್ಸ್ ಸೆಡಾನ್‌ಗೆ ಎರಡು ಬೆಲೆ ಇರುತ್ತವೆ. ಮಾರುವವನಿಗೆ ಕೊಡುವುದು ಒಂದು, ಮೊದಲ ವರ್ಷ ಗ್ಯಾರೇಜಿಗೆ ಕೊಡುವುದು ಇನ್ನೊಂದು. ನಾನು ಕಾರಿಗೆ ಕೊಟ್ಟಿದ್ದು 2 ಲಕ್ಷ 60 ಸಾವಿರ. ಮೊದಲ ವರ್ಷ ಅದಕ್ಕೆ ಖರ್ಚಾಗಿದ್ದು 1 ಲಕ್ಷ 35 ಸಾವಿರ. ದೊಡ್ಡದೇನೂ ಕೆಟ್ಟಿರಲಿಲ್ಲ. ಟೈಮಿಂಗ್ ಬೆಲ್ಟ್, ಟೈರು, ಸಸ್ಪೆನ್ಷನ್ನಿನ ರಬ್ಬರ್ ಬುಷ್, ಹೋಸ್‌ಗಳು, ಅಷ್ಟೇ. ಕಾರಿನ ಬೆಲೆಯ ಅರ್ಧದಷ್ಟು ದುಡ್ಡು ಬೇರೆ ಇರಬೇಕು, ಅದೂ ಸಾಲ ಮಾಡದೆ. ಇರುವುದೆಲ್ಲಾ ಬೆಲೆಗೇ ಹೋಗುವ ಹಾಗಿದ್ದರೆ ಈ ಕಾರು ಈಗ ಬೇಡ. ಅಕ್ಕನ ಮಗನನ್ನೂ ಮೊದಲು ಕೇಳಿದ್ದು ಇದನ್ನೇ. ನಾಲ್ಕು ಲಕ್ಷ ಕೂಡಿಟ್ಟಿದ್ದ. ಹಾಗಿದ್ದರೆ ಎರಡೂವರೆ ಲಕ್ಷದ ಒಳಗಿನ ಕಾರು ನೋಡು ಅಂದೆ.

ಹೋಗುವ ಮುಂಚೆ ಮನೆಯಲ್ಲಿ ಕೂತೇ ಅರ್ಧ ಕೆಲಸ ಮುಗಿಸಬಹುದು. ನಂಬರ್ ಇಸ್ಕೊಂಡು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಷ್ಟನೇ ಓನರ್, ಇನ್ಶೂರೆನ್ಸ್ ಇದೆಯಾ, ಸಾಲದ ಹೆಸರು ಇನ್ನೂ ಕೂತಿದೆಯಾ, ಆರ್‌ಸಿ ಯಾವಾಗ ಮುಗಿಯುತ್ತದೆ ಎಲ್ಲಾ ಗೊತ್ತಾಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ಅದರ ಮೇಲೆ ಹಸಿರು ತೆರಿಗೆ ಬೇರೆ. ಅಕ್ಕನ ಮಗ ನೋಡಿದ್ದ ಕಾರಿನ ಆರ್‌ಸಿ 2026ರ ನವೆಂಬರ್‌ಗೆ ಮುಗಿಯುತ್ತದೆ. ಅಂದರೆ ಕೊಂಡವನೇ ಆ ಖರ್ಚು ಹೊರಬೇಕು.

ದೆಹಲಿ ನಂಬರಿನ ಆರ್‌ಎಸ್ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಓಡಾಡುವುದಕ್ಕೇ ಕಷ್ಟ, ಹಾಗಾಗಿ ದಕ್ಷಿಣಕ್ಕೆ ದೂಡುತ್ತಾರೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಹಾಕಿಸುವಷ್ಟರಲ್ಲಿ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ. ಕರಾವಳಿ ಕಡೆ ಓಡಿದ ಕಾರಾದರೆ ತುಕ್ಕು ಒಂದನ್ನು ಜಾಸ್ತಿ ನೋಡಿ.

ಇನ್ನು ತಣ್ಣನೆ ಇಂಜಿನ್ನಿನ ಮಾತು. ಹದಿನೈದು ವರ್ಷದ ಹಿಂದೆ ಬೇರೊಂದು ಕಾರು ಕೊಳ್ಳುವಾಗ ನಾನು ಈ ತಪ್ಪು ಮಾಡಿದ್ದೆ. ಹೋದಾಗಲೇ ಕಾರು ಸ್ಟಾರ್ಟ್ ಆಗಿ ನಿಂತಿತ್ತು. "ನಿಮಗೋಸ್ಕರ ಬಿಸಿ ಮಾಡಿಟ್ಟಿದ್ದೀನಿ ಸಾರ್" ಅಂದ ಮಾರುವವನು. ಒಳ್ಳೆ ಮನುಷ್ಯ ಅಂದುಕೊಂಡೆ. ಮಾರನೇ ದಿನ ಬೆಳಗ್ಗೆ ಮನೆ ಮುಂದೆ ಕೀ ತಿರುಗಿಸಿದರೆ ಬೀದಿ ತುಂಬಾ ನೀಲಿ ಹೊಗೆ. ಇಂಜಿನ್ ಬಿಚ್ಚಿಸಬೇಕಾಯಿತು. ಎರಡು ತಿಂಗಳ ಸಂಬಳ ಹೋಯಿತು. ಅವತ್ತಿಂದ, ಯಾವ ಕಾರು ನೋಡಲು ಹೋದರೂ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ "ನಾಳೆ ಬರ್ತೀವಿ" ಅಂತ ಹೇಳಿ ವಾಪಸ್ ಬರುತ್ತೇನೆ.

ಭಾನುವಾರ ಬೆಳಗ್ಗೆ ಏಳಕ್ಕೆ ಜಯನಗರದಲ್ಲಿ ಆ ಕಾರಿನ ಮುಂದೆ ಇದ್ದೆವು. ಬಾನೆಟ್ ಮೇಲೆ ಇಬ್ಬನಿ ಕೂತಿತ್ತು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನ. ಅಕ್ಕನ ಮಗನನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ ನಾನು ಕೀ ತಿರುಗಿಸಿದೆ. ಮೊದಲ ಸೆಕೆಂಡಿನಲ್ಲಿ ಚೈನ್ ಅಲುಗಿದ ಹಾಗೆ ಸಣ್ಣ ಗಲಗಲ, ಆಮೇಲೆ ಶಾಂತ. ಈ ಇಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್‌ಗಳ ನಡುವೆ ಒಂದು ಪುಟ್ಟ ಚೈನ್ ಇದೆ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ಏರುವವರೆಗೆ ಅಷ್ಟು ಸದ್ದು ಸಹಜ. ಐದಾರು ಸೆಕೆಂಡ್ ಆದರೂ ನಿಲ್ಲದಿದ್ದರೆ ಖರ್ಚಿಗೆ ದಾರಿ. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಬಿಳಿಯಾಗಿದ್ದು, ಇಂಜಿನ್ ಬಿಸಿಯಾದರೂ ನಿಲ್ಲದೆ, ಸಿಹಿ ವಾಸನೆ ಬಂದರೆ ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸಿಲಿಂಡರಿನ ಒಳಗೆ ಹೋಗುತ್ತಿದೆ. ಚಳಿಯ ಬೆಳಗ್ಗೆ ಸ್ವಲ್ಪ ನೀರಾವಿ ಬರುವುದು ಬೇರೆ, ಅದಕ್ಕೆ ಹೆದರಬೇಡಿ.

ಇಂಜಿನ್ ಆಫ್ ಮಾಡಿಸಿ ಆಯಿಲ್ ಮುಚ್ಚಳ ಬಿಚ್ಚಿ. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇನಿನ ಬಣ್ಣ ಇದ್ದರೆ ಒಳ್ಳೆಯದು. ಕಾಡಿಗೆ ಹಾಗೆ ಕಪ್ಪು ಪದರ ಕಟ್ಟಿದ್ದರೆ ಓನರ್ ಆಯಿಲ್ ಬದಲಿಸುವುದರಲ್ಲಿ ಜಿಪುಣತನ ಮಾಡಿದ್ದಾನೆ ಅಂತ ಅರ್ಥ. ಟರ್ಬೊ ಬದುಕುವುದೇ ಆಯಿಲ್ ಮೇಲೆ, ಸಿಂಥೆಟಿಕ್ಕೇ ಬೇಕು. ಆ ಪದರ ಕಳಚಿ ಕೆಳಗಿನ ಜಾಲರಿಗೆ ಸಿಕ್ಕಿಕೊಂಡರೆ ಆಯಿಲ್ ಮೇಲೇರುವುದಿಲ್ಲ. ಇಂಥ ಕಾರನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಮುಂದಿನ ಪ್ರಶ್ನೆ ಟೈಮಿಂಗ್ ಬೆಲ್ಟ್. ಪಿಸ್ಟನ್ ಮತ್ತು ವಾಲ್ವ್‌ಗಳ ಓಟವನ್ನು ಒಂದೇ ತಾಳಕ್ಕೆ ಹಿಡಿಯುವ ರಬ್ಬರ್ ಬೆಲ್ಟ್ ಇದು, ವಾಟರ್ ಪಂಪನ್ನೂ ಇದೇ ತಿರುಗಿಸುತ್ತದೆ. ಓಡುತ್ತಿರುವಾಗ ಇದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ಒಂದೊಂದು ಸಿಲಿಂಡರಿಗೆ ಐದೈದು, ಒಟ್ಟು 20 ವಾಲ್ವ್. ಎಷ್ಟು ಬಾಗುತ್ತವೋ ದೇವರಿಗೇ ಗೊತ್ತು. "ಬೆಲ್ಟ್ ಹಾಕ್ಸಿದ್ದೀನಿ" ಅನ್ನುವ ಬಾಯಿಮಾತು ಬೇಡ. ಬಿಲ್ ಕೇಳಿ, ತಾರೀಖು ನೋಡಿ. ಕಿಲೋಮೀಟರ್ ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಐದು ವರ್ಷ ದಾಟಿದ್ದರೆ ಬದಲಿಸಲೇಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಆ ಓನರ್ ಹತ್ತಿರ ಆಯಿಲ್, ಬ್ರೇಕ್, ಬ್ಯಾಟರಿ ಎಲ್ಲದರ ಬಿಲ್ ಒಂದು ಫೈಲಿನಲ್ಲಿ ನೀಟಾಗಿ ಇತ್ತು. ಬೆಲ್ಟಿನದು ಮಾತ್ರ ಇರಲಿಲ್ಲ. ಅವರು ಸುಳ್ಳು ಹೇಳಲಿಲ್ಲ. "ನಾನು ಹಾಕ್ಸಿಲ್ಲ, ಹಿಂದಿನವರದ್ದು ಗೊತ್ತಿಲ್ಲ" ಅಂದರು. ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಕಿಲೋಮೀಟರ್ ಕಡಿಮೆ ತೋರಿಸಲು ಮೀಟರ್ ಹಿಂದಕ್ಕೆ ತಿರುಗಿಸುವುದು ಸುಲಭ, ಎಂಟು ವರ್ಷದ ಬಿಲ್ಲುಗಳನ್ನು ಸಾಲಾಗಿ ಹುಟ್ಟಿಸುವುದು ಕಷ್ಟ. ಪ್ರತಿ ಬಿಲ್ಲಿನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ. ಅದು ಏರುತ್ತಾ ಹೋಗಿದೆಯಾ ನೋಡಿ. ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಅಂಚು, ಇವು ಮೂರೂ ಬಿಲ್ಲಿನ ಮಾತಿಗೆ ತಾಳೆಯಾಗಬೇಕು.

ಓಡಿಸಲು ಕನಿಷ್ಠ ಅರ್ಧ ಗಂಟೆ ಕೇಳಿ. ಮೊದಲು ಹಾಳು ರಸ್ತೆ, ಆಮೇಲೆ ಒಳ್ಳೆ ರಸ್ತೆ. ಹಂಪ್ ಇಳಿಯುವಾಗ ಮುಂದೆ ಟಕ್ ಅಂದರೆ ಸಸ್ಪೆನ್ಷನ್ನಿನ ಲೋಯರ್ ಆರ್ಮ್ ಬುಷ್ ಅಥವಾ ಲಿಂಕ್ ರಾಡ್ ಸವೆದಿದೆ. ಅದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಆಗುತ್ತದೆ. ಬಿಸಿಯಾದ ಮೇಲೆ ನಾಲ್ಕನೇ ಗೇರಿನಲ್ಲಿ 40ಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ, ಕಾರಿನ ವೇಗ ಅಷ್ಟಕ್ಕಷ್ಟೇ ಇದ್ದರೆ ಕ್ಲಚ್ ಸವೆದಿದೆ. ಈ ಕಾರಿನಲ್ಲಿ ಅದೇ ಆಯಿತು. ಬಿಟ್ಟು ಬಿಟ್ಟು ಜರ್ಕ್ ಹೊಡೆದು ಇಂಜಿನ್ ಲೈಟ್ ಮಿನುಗಿದರೆ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಿರಬಹುದು. ಪ್ರತಿ ಪ್ಲಗ್ ಮೇಲೂ ಒಂದೊಂದು ಇದೆ, ಬದಲಿಸುವುದು ಹತ್ತು ನಿಮಿಷದ ಕೆಲಸ. ಜರ್ಕ್ ಇಲ್ಲದೆ ಸುಮ್ನೆ ಎಳೆತವೇ ಕಡಿಮೆ ಅನಿಸಿದರೆ ಎಲ್ಲೋ ಗಾಳಿ ಸೋರುತ್ತಿದೆ. ಹಳೇ ವ್ಯಾಕ್ಯೂಮ್ ಹೋಸ್ ಅಥವಾ ಟರ್ಬೊದ ಹೆಚ್ಚುವರಿ ಗಾಳಿಯನ್ನು ತಿರುಗಿಸಿ ಬಿಡುವ ಡೈವರ್ಟರ್ ವಾಲ್ವ್ ಹರಿದಿರುತ್ತದೆ. ಟರ್ಬೊನೇ ಹೋಗಿದೆ ಅಂತ ಹೆದರಿಸುವವರ ಮಾತು ಕೇಳುವ ಮೊದಲು ಇವನ್ನು ನೋಡಿಸಿ. ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ, ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ. ಮಾಡಿಸಿದ್ದರೆ ಕಾರು ಕೆಟ್ಟದ್ದು ಅಂತಲ್ಲ, ಆದರೆ ಕ್ಲಚ್ಚು, ಟರ್ಬೊ ಹೆಚ್ಚು ದುಡಿದಿವೆ.

ಅದೇ ದಿನ ಪರಿಚಯದ ಗ್ಯಾರೇಜಿಗೆ ಒಯ್ದು ಎರಡು ಕೆಲಸ ಮಾಡಿಸಿದೆವು. ಕಾರಿನ ಕಂಪ್ಯೂಟರಿನಲ್ಲಿರುವ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸಿದ್ದು, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿದ್ದು. ನಾಲ್ಕು ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತೀರಾ ಕೆಳಗಿದ್ದರೆ ಅಲ್ಲಿಗೇ ನಿಲ್ಲಿಸಿ. ಇದಕ್ಕೆ ಓನರ್ ಒಪ್ಪದಿದ್ದರೆ ಕಾರಣ ಕೇಳುವುದೂ ಬೇಡ. ಲಿಫ್ಟ್ ಮೇಲೇರಿಸಿದಾಗ ಇಂಜಿನ್ ಕೆಳಗೆ ಆಯಿಲ್ ತುಂಬಿರುವ ಬಟ್ಟಲು, ಅಂದರೆ ಆಯಿಲ್ ಸಂಪ್ ನೋಡಿ. ನಮ್ಮ ಹಂಪುಗಳಿಗೆ ತಗುಲಿ ಬಿರುಕು ಬಿಟ್ಟಿರುತ್ತದೆ, ಕೆಲವರು ಎಂ-ಸೀಲ್ ಮೆತ್ತಿ ಕೊಟ್ಟಿರುತ್ತಾರೆ.

ನೀರಿಗೆ ಬಿದ್ದ ಕಾರನ್ನು ಪತ್ತೆ ಮಾಡುವುದೂ ಗೊತ್ತಿರಲಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಸುತ್ತಮುತ್ತ ಎಷ್ಟೋ ಕಾರು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕಾರು ತೊಳೆಯುವವರು ಮೇಲಿನ ಎರಡಡಿ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಕಡೆ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ. ನಾಲ್ಕೂ ಕಿಟಕಿ ಇಳಿಸಿ ಏರಿಸಿ. ಈ ಕಾರುಗಳಲ್ಲಿ ಗಾಜು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಮುರಿದು ಗಾಜು ಬಾಗಿಲೊಳಗೇ ಬೀಳುವುದುಂಟು. ಟೈರ್ ಮೇಲೆ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಪದರ ಎಷ್ಟೇ ಸವೆಯದೆ ಉಳಿದಿದ್ದರೂ ಅಷ್ಟು ಹಳೇ ಟೈರಿನಲ್ಲಿ ಈ ಕಾರನ್ನು ಓಡಿಸಬಾರದು.

ಸ್ಪೇರ್ ಪಾರ್ಟ್ಸ್ ಸಿಗಲ್ಲ ಅನ್ನುವ ಭಯ ಎಲ್ಲರಿಗೂ ಇದೆ. ಕಾರಿನ ಅಡಿಚೌಕಟ್ಟು ಮತ್ತು ಇಂಜಿನ್ ಎರಡೂ, ಸ್ಕೋಡಾ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ಬೇರೆ ಕಾರುಗಳಲ್ಲೂ ಇರುವುದರಿಂದ ಇಂಜಿನ್ ಸಾಮಾನು ತರಿಸಿಕೊಳ್ಳಬಹುದು. ಮಾಮೂಲಿ ಫಿಲ್ಟರು, ಬುಷ್ಷು, ಬ್ರೇಕ್ ಪ್ಯಾಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಕಷ್ಟ ಇರುವುದು ಆರ್‌ಎಸ್‌ಗೇ ಮೀಸಲಾದ ವಸ್ತುಗಳದ್ದು. ಬಂಪರ್, ಸೀಟು, ಅಲಾಯ್, ಬ್ಯಾಡ್ಜ್. ಹಾಗಾಗಿ ಇಂಜಿನ್ ಕೆಲಸ ಸ್ವಲ್ಪ ಬಾಕಿ ಇದ್ದರೂ ಬಾಡಿ ಪೂರ್ತಿಯಾಗಿರುವ ಕಾರನ್ನೇ ಆರಿಸಿ. ಬಣ್ಣ ಮಾಸಿದ್ದರೆ ಪರವಾಗಿಲ್ಲ, ಬಂಪರ್ ಬೇರೆ ಕಾರಿನದ್ದಾಗಿದ್ದರೆ ಜೀವಮಾನವಿಡೀ ಹುಡುಕುತ್ತೀರಿ.

ಕೊನೆಗೆ ಕಾರಿನ ಬಾನೆಟ್ ಮೇಲೇ ಪುಸ್ತಕ ಇಟ್ಟು ಲೆಕ್ಕ ಬರೆದೆವು. ಬೆಲ್ಟ್, ವಾಟರ್ ಪಂಪ್, ಕ್ಲಚ್, ಎರಡು ಬುಷ್, ನಾಲ್ಕು ಟೈರು, ಆರ್‌ಸಿ ನವೀಕರಣ. ಪ್ರತಿಯೊಂದಕ್ಕೂ ಗ್ಯಾರೇಜಿನವರಿಂದ ರೇಟ್ ಕೇಳಿ ಎದುರಿಗೆ ಬರೆದೆವು. ಓನರ್ ಹೇಳಿದ್ದು 2 ಲಕ್ಷ 75 ಸಾವಿರ. ಆ ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಹಳಿಯುವ ಮಾತು ಒಂದೂ ಆಡಲಿಲ್ಲ, ಕಾರನ್ನು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂತಲೂ ಹೇಳಿದೆ. ಅದು ನಿಜವೂ ಹೌದು. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 2 ಲಕ್ಷ 30 ಸಾವಿರಕ್ಕೆ ಒಪ್ಪಿದರು. ಓನರ್ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ, ಬಾಕಿ ದಂಡ ಏನೂ ಇಲ್ಲ ಅಂತ ಅವರ ಎದುರೇ ಆನ್‌ಲೈನಿನಲ್ಲಿ ನೋಡಿದ ಮೇಲೆ ದುಡ್ಡು ಕೊಟ್ಟಿದ್ದು.

ಕಾರು ಮನೆಗೆ ಬಂದ ಮೊದಲ ವಾರ ಅದನ್ನು ಎಲ್ಲೂ ಸುತ್ತಾಡಿಸಲಿಲ್ಲ. ನೇರ ಗ್ಯಾರೇಜಿಗೆ. ಬೆಲ್ಟ್ ಬಿಚ್ಚಿದಾಗ ಹಿಂಬದಿಯಲ್ಲಿ ಸಣ್ಣ ಸಣ್ಣ ಬಿರುಕು ಕಾಣಿಸಿದವು. ಪೆಟ್ರೋಲ್ ಹೋಸ್‌ಗಳನ್ನೂ ಹೊಸದು ಹಾಕಿಸಿದೆವು. ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲು, ಆಗಿನ ಕಾಲದ ಕಾರಿನ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಹೊಸ ಬೆಲ್ಟ್ ಕೂರಿಸಿ ಕವರ್ ಮುಚ್ಚಿದ ಮೇಲೆ, ಅಕ್ಕನ ಮಗ ಬಿಳಿ ಮಾರ್ಕರ್ ತಗೊಂಡು ಕವರಿನ ಮೇಲೆ ತಾರೀಖು, ಪಕ್ಕದಲ್ಲಿ ಕಿಲೋಮೀಟರ್ ಬರೆದ. ಹಳೇ ಬೆಲ್ಟನ್ನು ಎಸೆಯಬೇಡ, ಸ್ಟೆಪ್ನಿ ಗುಂಡಿಯಲ್ಲಿ ಬಿಲ್ ಜೊತೆ ಇಡು ಅಂದೆ. ಇಟ್ಟಿದ್ದಾನೆ.