ಹುಬ್ಬಳ್ಳಿಯ ಒಳದಾರಿಗಳನ್ನು ಸೈಕಲ್‌ಗಾಗಿ ಜೋಡಿಸಿದ್ದು

ಹುಬ್ಬಳ್ಳಿಯಲ್ಲಿ ಈಗ ಸೈಕಲ್ ಯಾರು ಹೊಡೀತಾರೆ ಅಂತ ಕೇಳುವವರು ಬೆಳಿಗ್ಗೆ ಆರಕ್ಕೆ ಹೊರಗೆ ಬಂದು ನೋಡಬೇಕು. ಹಾಲಿನವರು, ಪೇಪರ್ ಹಾಕುವ ಹುಡುಗರು, ಕ್ಯಾರಿಯರ್‌ಗೆ ಬುತ್ತಿ ಕಟ್ಟಿಕೊಂಡ ಗೌಂಡಿಗಳು ಎಲ್ಲರೂ ಸೈಕಲ್ ಮೇಲೇ ಇರುತ್ತಾರೆ. ವಿಶ್ವೇಶ್ವರ ನಗರದ ನಮ್ಮ ಓಣಿಯ ಮಕ್ಕಳಿಗೆ ಗೋಕುಲ ರಸ್ತೆ ಕಡೆಯ ಶಾಲೆಗೆ ದಾರಿ ಹುಡುಕುವಾಗ ನಾನು ಮೊದಲು ಕೇಳಿದ್ದು ಇವರನ್ನೇ.

“ಓಣ್ಯಾಗ ಏನೂ ತ್ರಾಸ ಇಲ್ರೀ ಅಕ್ಕಾರ, ದಾಟೂ ಜಾಗಾನ ಕಷ್ಟ” ಅಂದರು ಹಾಲಿನವರು.

ಅವರ ಮಾತು ಖರೆ. ವಿದ್ಯಾನಗರದ, ಶಿರೂರ ಪಾರ್ಕಿನ, ತೋಳನಕೆರೆ ಸುತ್ತಿನ ಒಳರಸ್ತೆಗಳು ಸಾಕಷ್ಟು ಶಾಂತವಾಗಿವೆ. ನಡುವೆ ರೈಲು ಹಳಿ ಮತ್ತು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಅಡ್ಡ ಬರುತ್ತವೆ. ನನ್ನ ಶ್ರಮವನ್ನೆಲ್ಲ ಈ ಎರಡು ಜಾಗಗಳಿಗೇ ಹಾಕಿದೆ.

ರೈಲ್ವೆ ಅಂಡರ್‌ಬ್ರಿಡ್ಜನ್ನು ಬಿಸಿಲಲ್ಲಿ, ಮಳೆಯಲ್ಲಿ, ಸಂಜೆ ಕತ್ತಲಲ್ಲಿ ನೋಡಿದೆ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಕಣ್ಣಿಗೆ ಏನೂ ಕಾಣುವುದಿಲ್ಲ. ಅಲ್ಲೇ ಗಟಾರದ ಜಾಲರಿ. ಅದರ ಕಬ್ಬಿಣದ ಪಟ್ಟಿಗಳು ಸೈಕಲ್ ಹೋಗುವ ದಿಕ್ಕಿಗೇ ಇದ್ದವು. ಸಂದಿಯಲ್ಲಿ ಗಾಲಿ ಸಿಕ್ಕರೆ ಮಗು ಮುಖ ಅಡಿಯಾಗಿ ಬೀಳುತ್ತದೆ. ಪಟ್ಟಿಗಳು ಅಡ್ಡಡ್ಡ ಇದ್ದರೆ ಆ ಅಪಾಯವೇ ಇಲ್ಲ. ಸಂದಿಯಲ್ಲಿ ಗಾಲಿ ಇಟ್ಟು, ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆದೆವು. ವಾರ್ಡಿನ ಕಾರ್ಪೊರೇಟರ್ ಅದನ್ನು ನೋಡಿ ಅಡ್ಡ ಪಟ್ಟಿ ವೆಲ್ಡಿಂಗ್ ಮಾಡಿಸಿದರು. ಉದ್ದನೆಯ ಅರ್ಜಿಗಿಂತ ಇಂಥ ಫೋಟೋ ಬೇಗ ಕೆಲಸ ಮಾಡುತ್ತದೆ. ಮಳೆನೀರು ನಿಂತ ದಿನ ಮಾತ್ರ ಒಳಗೆ ಇಳಿಯಲೇಬಾರದು ಅಂತ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ. ನೀರಿನ ಕೆಳಗೆ ಗುಂಡಿ ಎಲ್ಲಿದೆ ಅಂತ ತಿಳಿಯುವುದಿಲ್ಲ, ಅಲ್ವಾ?

ಪಿ.ಬಿ. ರಸ್ತೆ ಇನ್ನೂ ಕಠಿಣ. 2020ರಲ್ಲಿ ಉದ್ಘಾಟನೆಯಾದ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು ರಸ್ತೆಯ ನಟ್ಟನಡುವೆ, ತಮಗೇ ಮೀಸಲಾದ ದಾರಿಯಲ್ಲಿ ಓಡುತ್ತವೆ. ದಾಟುವುದೇನಿದ್ದರೂ ಸಿಗ್ನಲ್‌ನಲ್ಲೇ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಅಲ್ಲೇ ರೂಢಿ ಮಾಡಿಸಿದೆವು. ಇಳಿದು, ಸೈಕಲ್ ತಳ್ಳಿಕೊಂಡು ಜೀಬ್ರಾ ಪಟ್ಟಿ ಮೇಲೆ ದಾಟಬೇಕು. ಬಲಕ್ಕೆ ಹೋಗಬೇಕಾದರೆ ರಸ್ತೆ ನಡುವಿಗೆ ನುಗ್ಗಬಾರದು. ನೇರ ಆಚೆ ಮೂಲೆಗೆ ಹೋಗಿ, ಅಲ್ಲಿ ತಿರುಗಿ ನಿಂತು, ಆ ಕಡೆಯ ಹಸಿರು ದೀಪಕ್ಕೆ ಕಾಯಬೇಕು. ಎಲ್ಲರಿಗಿಂತ ನಿಧಾನ ನಡೆಯುವ ಮಗುವಿಗೆ ಎಷ್ಟು ಸೆಕೆಂಡ್ ಬೇಕು ಅಂತ ಗಡಿಯಾರ ಹಿಡಿದು ನೋಡಿ, ಅಷ್ಟು ಹೊತ್ತು ಹಸಿರು ದೀಪ ಬೇಕೆಂದು ಅರ್ಜಿ ಕೊಟ್ಟೆ. ಅದಿನ್ನೂ ಆಗಿಲ್ಲ. ಹಾಗಾಗಿ ಶಾಲೆ ಹೊತ್ತಿಗೆ ಯಾರಾದರೂ ಒಬ್ಬ ದೊಡ್ಡವರು ಅಲ್ಲಿ ನಿಲ್ಲುತ್ತೇವೆ.

ಇನ್ನೊಂದು ಮಾತು. ನಮ್ಮ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರಿಂದ ಡಾಂಬರಿನ ಅಂಚು ಒಡೆಯುತ್ತದೆ. “ಸೈಡಿಗೆ ಹೋಗು” ಅಂತ ಮಕ್ಕಳನ್ನು ಸುಮ್ನೆ ಅಂಚಿಗೆ ತಳ್ಳಬೇಡಿ. ಅಂಚಿನಿಂದ ತುಸು ಒಳಗೆ, ನಿಂತ ಕಾರಿನ ಬಾಗಿಲಿನಿಂದ ಒಂದು ಮೀಟರ್ ದೂರ ಇರಲಿ.

ಉಣಕಲ್ ನಾಲೆಯ ದಂಡೆಗೆ ಸೈಕಲ್ ಹಾದಿ ಮಾಡುವ ಸ್ಮಾರ್ಟ್ ಸಿಟಿ ಯೋಜನೆ ನಮ್ಮೂರಿಗೆ ಬಂದಿದೆ. ನನಗೆ ಅದರ ಬಗ್ಗೆ ತುಂಬಾ ಆಸೆ. ಆದರೆ ಓಣಿಗಳಿಂದ ಅಲ್ಲಿಗೆ ಇಳಿಯಲು ಬಾಗಿಲುಗಳೇ ಇಲ್ಲದಿದ್ದರೆ ಮಕ್ಕಳು ಅದನ್ನು ಮುಟ್ಟಲು ಮತ್ತೆ ದೊಡ್ಡ ರಸ್ತೆಗೇ ಬರಬೇಕಾಗುತ್ತದೆ. ಯಾವ ಓಣಿ ನಾಲೆಯವರೆಗೆ ತಲುಪುತ್ತದೆ, ಯಾವುದು ಗೋಡೆಗೆ ನಿಲ್ಲುತ್ತದೆ ಅಂತ ಈಗ ಮಕ್ಕಳ ಜೊತೆ ಸುತ್ತಿ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತು ಹಾಕುತ್ತಿದ್ದೇವೆ.