ಗರಿಕೆ ತೆಗೆದು ಬೇರೆ ಹುಲ್ಲು ಹಾಕಿದ್ದು

ನಮ್ಮ ಮನೆ ಮುಂದಿನ ಲಾನ್‌ನಲ್ಲಿ ಇದ್ದದ್ದು ಪೂರ್ತಿ ಗರಿಕೆ. ಬಿಸಿಲಿಗೆ ಅದರಷ್ಟು ಗಟ್ಟಿ ಹುಲ್ಲು ಸಿಗುವುದು ಕಷ್ಟ. ಬೇಸಿಗೆಯಲ್ಲಿ ಒಣಗಿ ಹೋದಂತೆ ಕಂಡರೂ ಒಂದು ಮಳೆ ಬಿದ್ದರೆ ಮತ್ತೆ ಹಸಿರು. ಆದರೆ ನಮ್ಮ ಅರ್ಧ ಜಾಗಕ್ಕೆ ಮರದ ನೆರಳು. ಗರಿಕೆಗೆ ನೆರಳು ಆಗಿಬರುವುದಿಲ್ಲ. ಮರದ ಕೆಳಗೆ ಬರೀ ಬೋಳು ಮಣ್ಣು, ಬಿಸಿಲಿದ್ದ ಕಡೆ ಹೂವಿನ ಪಾತಿಯೊಳಗೆಲ್ಲ ಗರಿಕೆಯ ಬಳ್ಳಿ. ಹಾಗಾಗಿ ಅರೆನೆರಳಲ್ಲೂ ಬೆಳೆಯುವ ಜೋಯ್ಸಿಯಾ ಅನ್ನುವ ಲಾನ್ ಹುಲ್ಲು ಹಾಕೋಣ ಅಂದುಕೊಂಡೆ.

ಮೊದಲ ಸಲ ಟಿಲ್ಲರ್ ಓಡಿಸಿ, ಮಣ್ಣು ಸಮ ಮಾಡಿ, ಅದೇ ವಾರ ಹೊಸ ಹುಲ್ಲು ನೆಟ್ಟೆ. ಮೂರೇ ವಾರದಲ್ಲಿ ಮೊದಲಿಗಿಂತ ಒತ್ತಾಗಿ ಗರಿಕೆ ಎದ್ದು ನಿಂತಿತು. ಗರಿಕೆ ನೆಲದ ಮೇಲೂ ಹಬ್ಬುತ್ತದೆ, ನೆಲದೊಳಗೂ ಹಬ್ಬುತ್ತದೆ. ಎರಡರಲ್ಲೂ ಗಿಣ್ಣುಗಳಿವೆ. ಒಂದು ಗಿಣ್ಣು ಇರುವ ತುಂಡು ಸಾಕು, ಹೊಸ ಗಿಡ ಏಳುತ್ತದೆ. ಟಿಲ್ಲರ್ ಅದನ್ನು ಸಾವಿರ ತುಂಡು ಮಾಡಿ ಅಂಗಳದ ತುಂಬ ನೆಟ್ಟು ಹೋಗಿತ್ತು, ಅಷ್ಟೇ. ನೆಟ್ಟ ಜೋಯ್ಸಿಯಾ ಅದರ ನಡುವೆ ಸಿಕ್ಕಿಕೊಂಡು ಸೊರಗಿತು. ನೋಡಿ ನಿಜವಾಗಿಯೂ ಬೇಜಾರಾಯಿತು.

ಮುಂದಿನ ಬೇಸಿಗೆಯ ಸುಡುಬಿಸಿಲಿನ ತನಕ ಕಾದೆ, ಬಿಸಿಲಿನ ಬಿಸಿಯಿಂದಲೇ ಗರಿಕೆಯನ್ನು ಸಾಯಿಸೋಣ ಅಂತ. ಈ ಸಲ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನೆಲ್ಲ ಆಚೆ ಹಾಕಿ, ಮಣ್ಣು ಸುಮಾರು ಒಂದು ಅಡಿ ಆಳ ನೆನೆಯುವಷ್ಟು ನೀರು ಬಿಟ್ಟೆ. ಒದ್ದೆ ಮಣ್ಣಿನಲ್ಲಿ ಬಿಸಿ ಆಳಕ್ಕೆ ಇಳಿಯುತ್ತದೆ. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟುವ ಹಾಗೆ ಎಳೆದು ಹಾಸಿ, ಅಂಚನ್ನೆಲ್ಲ ಮಣ್ಣಲ್ಲಿ ಹೂತೆ. ಕಪ್ಪು ಹಾಳೆ ಯಾಕೆ ಬೇಡ ಅಂದರೆ, ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ. ಪಾರದರ್ಶಕ ಹಾಳೆ ಬಿಸಿಲನ್ನು ಮಣ್ಣಿನ ತನಕ ಬಿಟ್ಟು, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಆರು ವಾರ ಹಾಗೇ ಬಿಟ್ಟೆ. ಹರಿದ ಕಡೆ ಅವತ್ತೇ ಟೇಪ್ ಹಚ್ಚುತ್ತಿದ್ದೆ. ಸಣ್ಣ ತೂತಾದರೂ ಬಿಸಿ ಅಲ್ಲಿಂದಲೇ ಹೊರಟು ಹೋಗುತ್ತದೆ ಅಲ್ವಾ.

ಕಳೆನಾಶಕ ನಾನು ಮುಟ್ಟಲಿಲ್ಲ. ಪಕ್ಕದಲ್ಲೇ ಹೂವಿನ ಪಾತಿ ಇತ್ತು.

ಮರದ ಕೆಳಗೆ ಹಾಳೆಯಿಂದ ಉಪಯೋಗವಿಲ್ಲ, ನೆರಳಲ್ಲಿ ಮಣ್ಣು ಕಾಯುವುದೇ ಇಲ್ಲ. ಅಲ್ಲಿ ಗಾರ್ಡನ್ ಫೋರ್ಕ್ ಹಾಕಿ ಮಣ್ಣು ಸಡಿಲ ಮಾಡಿ, ಕೈಯಲ್ಲೇ ಎಳೆದೆ. ಗುದ್ದಲಿ ಬೇಡ, ಅದು ಬೇರನ್ನು ಕತ್ತರಿಸುತ್ತದೆ. ಫೋರ್ಕ್ ಆದರೆ ಉದ್ದಕ್ಕೆ ಹಾಗೇ ಎತ್ತಿ ಕೊಡುತ್ತದೆ. ತೇವ ಹದವಾಗಿದ್ದ ದಿನ ಮೊಳದುದ್ದದ ಬಿಳಿ ಬೇರುಗಳು ಮುರಿಯದೆ ಬರುತ್ತಿದ್ದವು. ಅದೊಂದು ಖುಷಿ.

ಹಾಳೆ ತೆಗೆದಾಗ ಹುಲ್ಲು ಪೂರ್ತಿ ಕಂದು. ಆದರೂ ನೆಡಲಿಲ್ಲ. ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ ಘಟ್ಟ. ಖಾಲಿ ನೆಲಕ್ಕೆ ಮೂರು ವಾರ ನೀರು ಹಾಕಿದೆ, ಉಳಿದದ್ದು ತಾನಾಗಿ ಹೊರಗೆ ಬರಲಿ ಅಂತ. ಬಂತು. ಜಾಸ್ತಿ ಬಂದದ್ದು ಹಾಳೆಯ ಅಂಚಿನಲ್ಲಿ, ಅಲ್ಲಿ ಮಣ್ಣು ಅಷ್ಟು ಕಾದಿರಲಿಲ್ಲ. ಜೊತೆಗೆ ಅಲ್ಲಲ್ಲಿ ಕೊನ್ನಾರಿ ಗಡ್ಡೆ ಅನ್ನುವ ಕಳೆಯೂ ತಲೆ ಎತ್ತಿತು. ಆಳದಲ್ಲಿರುವ ಅದರ ಗಡ್ಡೆ ಈ ಬಿಸಿಗೆ ಸುಲಭಕ್ಕೆ ಸಾಯುವುದಿಲ್ಲ. ಸುಮ್ನೆ ಎಲೆ ಕಿತ್ತರೆ ಪ್ರಯೋಜನವಿಲ್ಲ, ಗಡ್ಡೆ ಸಮೇತ ಬರಬೇಕು. ಎಲ್ಲ ಕಿತ್ತು, ಮತ್ತೆ ನೀರು ಹಾಕಿ, ಮತ್ತೆ ಕಾದೆ. ಎರಡನೇ ಸುತ್ತಿನಲ್ಲಿ ಬೆರಳೆಣಿಕೆಯಷ್ಟೇ ಎದ್ದವು. ಮೂರನೇ ಸುತ್ತಿನಲ್ಲಿ ಏನೂ ಇಲ್ಲ. ಆಮೇಲೇ ನೆಡುವ ಧೈರ್ಯ ಬಂತು.

ಬಿಸಿಲಿದ್ದ ಜಾಗದಲ್ಲಿ ಮಣ್ಣನ್ನು ಮತ್ತೆ ಅಗೆಯಲಿಲ್ಲ. ಅಗೆದರೆ ಆಳದಲ್ಲಿ ಬದುಕಿರುವ ಕಳೆ ಬೀಜ ಮೇಲೆ ಬರುತ್ತದೆ. ಮೇಲೆ ಮೇಲೆ ಕೆರೆದು ಸಮ ಮಾಡಿ, 15 ಸೆಂಟಿಮೀಟರ್ ಅಂತರದಲ್ಲಿ ಜೋಯ್ಸಿಯಾ ತುಂಡುಗಳನ್ನು ನೆಟ್ಟೆ. ಮೊದಲ ಎರಡು ವಾರ ದಿನಾ ಸ್ವಲ್ಪ ಸ್ವಲ್ಪ ನೀರು. ಬೇರು ಹಿಡಿದ ಮೇಲೆ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವ ಹಾಗೆ. ಪಕ್ಕದ ಜಾಗದಲ್ಲಿ ಗರಿಕೆ ಇನ್ನೂ ಇರುವುದರಿಂದ ಗಡಿಯುದ್ದಕ್ಕೂ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಹೂತಿದ್ದೇನೆ. ಒಂದು ಗೇಣು ಒಳಗೆ, ಎರಡು ಬೆರಳು ಮೇಲೆ.

ಜೋಯ್ಸಿಯಾ ತುಂಬಾ ನಿಧಾನ. ಮೊದಲ ವರ್ಷ ತುಂಡುಗಳ ನಡುವೆ ಮಣ್ಣೇ ಕಾಣುತ್ತಿತ್ತು, ಬಂದವರೆಲ್ಲ ಹುಲ್ಲು ಹಿಡಿದಿಲ್ಲ ಅಂದುಕೊಂಡರು. ಆ ಖಾಲಿ ಜಾಗದ ಕಳೆಯನ್ನು ವಾರವಾರ ಕೈಯಲ್ಲೇ ಕಿತ್ತೆ. ಎರಡನೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬಿಸಿಲಿನ ಕಡೆ ಕೂಡಿಕೊಂಡಿತು. ಮರದ ಬುಡದಲ್ಲಿ ಇನ್ನೂ ಒಂದು ಚಾಪೆಯಷ್ಟು ಜಾಗ ಉಳಿದಿದೆ. ಈಗಲೂ ಪ್ರತಿ ಭಾನುವಾರ ಬೆಳಿಗ್ಗೆ ಪಟ್ಟಿಯ ಉದ್ದಕ್ಕೆ ಒಂದು ಸುತ್ತು ಹೋಗುತ್ತೇನೆ. ಮೇಲಿಂದ ದಾಟಿದ ಬಳ್ಳಿ ಒಂದೋ ಎರಡೋ ಸಿಗುತ್ತದೆ. ಬೇರು ಬಿಡುವ ಮೊದಲೇ ಎತ್ತಿ ಹಾಕುತ್ತೇನೆ.