ಹ್ಯಾಮ್ ರೇಡಿಯೋದ 20 ಮೀಟರ್ ಬ್ಯಾಂಡಲ್ಲಿ ಎಫ್‌ಟಿ8 ಹಾಕ್ವಾಗ ಪಕ್ಕದ ಮೋಡ್‌ನವ್ರಿಗೂ ಜಾಗ ಬಿಡಿ

ಎಫ್‌ಟಿ8, ಜೆಎಸ್8, ಎಫ್‌ಟಿ4 ಅಂದ್ರೆ ಕಂಪ್ಯೂಟರ್ ಮೂಲಕ ಸಂದೇಶ ಕಳಿಸೋ ಡಿಜಿಟಲ್ ಮೋಡ್‌ಗಳು. ಎಫ್‌ಟಿ8 ಡಯಲ್ (ರೇಡಿಯೋದಲ್ಲಿ ಇಡೋ ಫ್ರೀಕ್ವೆನ್ಸಿ) 14.074, ಜೆಎಸ್8 14.078, ಎಫ್‌ಟಿ4 14.080 ಮೆಗಾಹರ್ಟ್ಸ್, ಎಲ್ಲಾ ಅಕ್ಕಪಕ್ಕದಲ್ಲೇ, ಮಧ್ಯ ಬೇಲಿ ಇಲ್ಲ. ಎಫ್‌ಟಿ8 ಸಾಫ್ಟ್‌ವೇರ್ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನಲ್ಲಿ ಟಿಎಕ್ಸ್ ಆಫ್‌ಸೆಟ್‌ನ (ಡಯಲ್‌ಗಿಂತ ಎಷ್ಟು ಮೇಲೆ ಕಳಿಸ್ತೀರಿ ಅನ್ನೋದನ್ನ) 4500 ಹರ್ಟ್ಸ್‌ಗೆ ಎಳೆದ್ರೆ ನೀವು 14.0785ರಲ್ಲಿ, ಅಂದ್ರೆ ಜೆಎಸ್8 ಮಾತಾಡ್ತಿರೋರ ತಲೆ ಮೇಲೆ ಕೂತಂಗೆ, ಹಂಗಾಗಿ 3000 ದಾಟ್ಬೇಡಿ.

ಮೊದ್ಲು ಒಂದೆರಡು ನಿಮಿಷ ವಾಟರ್‌ಫಾಲ್ (ಸಿಗ್ನಲ್‌ಗಳು ಎಲ್ಲೆಲ್ಲಿವೆ ಅಂತ ತೋರ್ಸೋ ಚಿತ್ರ) ನೋಡಿ, ಈವನ್ ಆಡ್ ಎರಡೂ ಸ್ಲಾಟಲ್ಲಿ (ಒಂದಾದ್ಮೇಲೊಂದು ಬರೋ ಕಳಿಸೋ ಸರದಿ) ಖಾಲಿ ಇರೋ 50 ಹರ್ಟ್ಸ್ ಹುಡ್ಕಿ, ಆಮೇಲೆ ಹೋಲ್ಡ್ ಟಿಎಕ್ಸ್ ಫ್ರೀಕ್ವೆನ್ಸಿ ಟಿಕ್ ಮಾಡಿ. ತುಂಬಾ ಜನ ಬಿಡೋದು ಆಡಿಯೋ ಲೆವೆಲ್: ಜಾಸ್ತಿಯಾದ್ರೆ 1000 ಹರ್ಟ್ಸ್ ಟೋನ್‌ಗೆ 2000, 3000ದಲ್ಲೂ ಭೂತ (ಬೇಡದ ಸುಳ್ಳು ಸಿಗ್ನಲ್) ಏಳುತ್ತೆ, ಅದಕ್ಕೇ ರೇಡಿಯೋದ ಎಎಲ್‌ಸಿ (ಲೆವೆಲ್ ಮಿತಿ ಮೀರಿದ್ರೆ ತಡೆಯೋ ಭಾಗ) ಮೀಟರ್ ಅಲ್ಲಾಡ್ದಂಗೆ ಇಳ್ಸಿ, ಸಾಫ್ಟ್‌ವೇರಲ್ಲಿ ಸ್ಪ್ಲಿಟ್ (ಕಳಿಸೋವಾಗ ಡಯಲ್ ಸರ್ಸಿ ಭೂತಗಳ್ನ ಹೊರಗಿಡೋದು) ಆನ್ ಮಾಡಿ. ಸಿಗ್ನಲ್ ಎಷ್ಟು ದೂರ ಹೋಗುತ್ತೆ ಅಂತ ನೋಡೋ ವಿಸ್ಪರ್ (ಡಬ್ಲ್ಯೂಎಸ್‌ಪಿಆರ್) ಮೋಡ್‌ನವ್ರ 14.0970ರಿಂದ 14.0972 ಮಾತ್ರ ದಯವಿಟ್ಟು ಮುಟ್ಬೇಡಿ, ಅಲ್ಲಿ ಬರೀ 200 ಹರ್ಟ್ಸ್‌ನಲ್ಲಿ ಪ್ರಪಂಚದವ್ರೆಲ್ಲಾ ಕಮ್ಮಿ ಪವರ್ ಬೀಕನ್ (ತಾನಾಗೇ ಹೋಗೋ ಗುರುತಿನ ಸಿಗ್ನಲ್) ಬಿಡ್ತಿರ್ತಾರೆ.